ಹೊಟ್ಟೆಯ ಒಂಬತ್ತು ಮನೆಗಳು

ಮಾರ್ಚ್ 3, ಸೋಮವಾರ

ಪ್ರಾಕ್ಟಿಕಲ್‌ನಲ್ಲಿ ಮತ್ತೆ ಫೇಲ್. ಎರಡನೆಯ ಸಲ.

ಬರವಣಿಗೆಯ ಪರೀಕ್ಷೆಯಲ್ಲಿ ನರಮಂಡಲಕ್ಕೆ ಹತ್ತಕ್ಕೆ ಎಂಟು, ಒಳಾಂಗಗಳಿಗೆ ಏಳೂವರೆ. ಕ್ಲಾಸಿನ ಡಚ್ ಹುಡುಗಿಯರು ನನ್ನ ನೋಟ್ಸ್ ಕೇಳಿ ಪಡೆಯುತ್ತಾರೆ. ಆದರೆ ಜೀವಂತ ಮನುಷ್ಯನೊಬ್ಬನನ್ನು ಮುಂದೆ ಮಲಗಿಸಿ "ಈಗ ಪರೀಕ್ಷಿಸು" ಎಂದರೆ ನನ್ನ ಕೈ ಹಿಂದೆ ಸರಿಯುತ್ತದೆ. ಗದಗಿನ ಹೈಸ್ಕೂಲಿನಲ್ಲಿ ಎಂಟು ವರ್ಷ ವಿಜ್ಞಾನ ಕಲಿಸುತ್ತಾ ಬಣ್ಣದ ಸೀಮೆಸುಣ್ಣದಲ್ಲಿ ಯಕೃತ್ತು, ಜಠರ, ಮೂತ್ರಪಿಂಡಗಳ ಚಿತ್ರ ಬರೆದವಳು ನಾನು. ಒಂದು ದಿನವೂ ಯಾರ ಹೊಟ್ಟೆಯನ್ನೂ ಮುಟ್ಟಿದವಳಲ್ಲ.

ಟೀಚರ್ ಮರೈಕೆ ಇಲ್ಲಿಯವರ ರೀತಿಯಲ್ಲೇ ಮುಖಕ್ಕೆ ಹೇಳಿದಳು: "ಅನಸೂಯ, ನಿನ್ನ ತಲೆಗೆ ಎಲ್ಲ ಗೊತ್ತು. ಕೈ ಮಾತ್ರ ಯಾವಾಗಲೂ ಕ್ಷಮೆ ಕೇಳುತ್ತಿರುತ್ತದೆ. ರೋಗಿಗೆ ನಿನ್ನ ಕ್ಷಮೆ ಬೇಡ. ಮನೆಯಲ್ಲಿ ಯಾರನ್ನಾದರೂ ಮಲಗಿಸಿ ದಿನವೂ ಅಭ್ಯಾಸ ಮಾಡು."

ಮೂರನೆಯ ಅವಕಾಶ ಏಪ್ರಿಲ್ 10. ಅದೇ ಕೊನೆಯದು. ಅದೂ ಹೋದರೆ ನರ್ಸಿಂಗ್ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ. ಮೂರು ವರ್ಷ ಡಚ್ ಕಲಿತದ್ದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹದಿನೆಂಟರ ಮಕ್ಕಳ ಪಕ್ಕ ಕುಳಿತದ್ದು, ಎಲ್ಲವೂ ನೀರಿನಲ್ಲಿ ಹೋಮ.

ಇದರ ಜೊತೆಗೆ ಮಾವನವರು. ಅತ್ತೆ ತೀರಿಕೊಂಡು ವರ್ಷವಾಯಿತು, ಸ್ವಲ್ಪ ಬದಲಾವಣೆ ಇರಲಿ ಎಂದು ನನ್ನ ಗಂಡ ಪ್ರಭು ಮೂರು ತಿಂಗಳಿಗೆ ಊರಿನಿಂದ ಕರೆಸಿದ್ದಾರೆ. ಕರೆಸಿ ತಾವು ಮಾತ್ರ ಸೋಮವಾರದಿಂದ ಗುರುವಾರದವರೆಗೆ ದೂರದ ಕಾಪೆಲ್ಲೆ ಊರಿನ ಆಫೀಸಿನಲ್ಲಿ. ನೆದರ್ಲೆಂಡ್ಸಿನ ಈ ಎನ್ಸ್‌ಕೆಡೆಯ ಮನೆಯಲ್ಲಿ ತಲೆ ಮೇಲೆ ದುಪಟ್ಟಾ ಎಳೆದುಕೊಂಡು ಓಡಾಡುವವಳು ನಾನು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ನನ್ನೊಡನೆ ನೇರವಾಗಿ ಹತ್ತು ಮಾತಾಡಿದ್ದಿಲ್ಲ. ಎಲ್ಲ ನನ್ನ ಮಗಳು ವೈಷ್ಣವಿಯ ಮೂಲಕ. "ನಿಮ್ಮವ್ವಗ ಹೇಳು, ಚಾ ಸಾಕಂತ." ನಿಮ್ಮವ್ವ ಎದುರಿಗೇ ನಿಂತಿರುತ್ತಾಳೆ.

ಮಾರ್ಚ್ 6, ಗುರುವಾರ

ವೈಷ್ಣವಿಯನ್ನು ಸೋಫಾದ ಮೇಲೆ ಮಲಗಿಸಿ ಪ್ರಯತ್ನಿಸಿದೆ. ಹನ್ನೊಂದು ವರ್ಷದ ಹುಡುಗಿ, ಬೆರಳು ತಾಗುವ ಮೊದಲೇ ಕಚಗುಳಿ. "ಮಮ್ಮಿ, ಸ್ಟಾಪ್! ಐ ವಿಲ್ ಪೀ!" ಎಂದು ಕಿರುಚಿ ಓಡಿದಳು. ಪ್ರಭು ವಾರಾಂತ್ಯಕ್ಕೆ ಬಂದರೆ ಹೊಟ್ಟೆ ಮುಟ್ಟುವ ಮೊದಲೇ ಗೊರಕೆ.

ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ. ಈರುಳ್ಳಿ ಹೆಚ್ಚುತ್ತಿದ್ದದ್ದು ಪುಣ್ಯ. ಮಾವನವರು ಬಾಗಿಲ ಬಳಿ ಬಂದು ಕೆಮ್ಮಿದರು. ವೈಷ್ಣವಿ ಎಲ್ಲೂ ಕಾಣಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಮಾತಾಡಿದರು.

"ನಾ ಡಿಪೋದಾಗ ಮೂವತ್ತನಾಕ ವರ್ಷ ಬಸ್ಸಿನ ಎಂಜಿನ್ ಬಿಚ್ಚೀನಿ. ಪುಸ್ತಕ ಓದಿ ಯಾರೂ ಗೇರ್‌ಬಾಕ್ಸ್ ಕಲಿಯಂಗಿಲ್ಲ. ಕೈ ಹಾಕಬೇಕು. ಹೊಸಾ ಹುಡುಗೂರಿಗೆ ಒಂದು ಹಳೇ ಬಸ್ ಕೊಟ್ಟು, ಇದನ್ನ ಬಿಚ್ಚರಿ ಅಂತಿದ್ವಿ." ಹೊರಡಲು ತಿರುಗಿ, "ಈ ಮನ್ಯಾಗ ಹಳೇ ಬಸ್ ಒಂದು ಐತೆಲ್ಲಾ" ಎಂದು ಎದೆ ಮುಟ್ಟಿಕೊಂಡು ಹೋಗಿಬಿಟ್ಟರು.

ಮಾವನ ಹೊಟ್ಟೆ ಮುಟ್ಟುವುದೇ? ಸಂಜೆ ಬಂದ ಪ್ರಭುಗೆ ಹೇಳಿದರೆ, "ಅಪ್ಪಾರs ಹೇಳ್ಯಾರಂದ್ರ ಮಾಡು, ಅದಕ್ಕೇನೈತಿ" ಎಂದು ನಕ್ಕರು. ಅವರಿಗೇನು, ಅವರು ಸೊಸೆಯಲ್ಲ.

ಮಾರ್ಚ್ 9, ಭಾನುವಾರ

ಮಾಡಿದೆ. ಅವರು ಸೂರು ನೋಡುತ್ತಾ ಮಲಗಿದರು, ನಾನು ಪುಸ್ತಕ ನೋಡುತ್ತಾ ನಿಂತೆ. ಬನಿಯನ್ ಅರ್ಧ ಮೇಲಕ್ಕೆ. ದುಪಟ್ಟಾ ಎರಡು ಸಲ ಜಾರಿತು, ಎರಡು ಸಲವೂ ಕೆಲಸ ಬಿಟ್ಟು ಸರಿಮಾಡಿಕೊಂಡೆ.

ಮೊದಲು ನರಗಳು. ಮೊಣಕಾಲ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಕಾಲು ತಾನಾಗಿ ಚಿಮ್ಮಿತು. ಅವರಿಗೆ ಅದೇನು ಖುಷಿ! "ಬ್ರೇಕ್ ಛಲೋ ಐತಿ" ಎಂದರು, ಸೂರಿಗೆ.

ಆಮೇಲೆ ಹೊಟ್ಟೆ. ಹೊಟ್ಟೆಯನ್ನು ಒಂಬತ್ತು ಮನೆಗಳಾಗಿ ಭಾಗ ಮಾಡಿಕೊಳ್ಳಬೇಕು, ಅಡ್ಡಲಾಗಿ ಮೂರು, ಉದ್ದಕ್ಕೆ ಮೂರು. ಪ್ರತಿ ಮನೆಯಲ್ಲೂ ಮೊದಲು ಹಗುರವಾಗಿ, ಆಮೇಲೆ ಆಳವಾಗಿ ಕೈಯಾಡಿಸಿ ಒಳಗೇನಿದೆ ಎಂದು ತಿಳಿಯಬೇಕು. ಬಲಗಡೆ ಮೇಲೆ ಯಕೃತ್ತು, ಎಡಗಡೆ ಗುಲ್ಮ, ಕೆಳಗೆ ಕರುಳು. ನಟ್ಟನಡುವಿನ ಮನೆಯಲ್ಲಿ, ಹೊಕ್ಕುಳಿನ ಮೇಲ್ಭಾಗದಲ್ಲಿ, ಮಾವನವರ ಕರಡಿಗೆ ಕುಳಿತಿತ್ತು. ಇಷ್ಟಲಿಂಗದ ಬೆಳ್ಳಿ ಕರಡಿಗೆ. ಶಿವದಾರ ಉದ್ದವಾದ್ದರಿಂದ ಮಲಗಿದಾಗ ಅಲ್ಲಿಗೇ ಬರುತ್ತದೆ. ನನ್ನ ಕೈ ಹತ್ತಿರ ಹೋಗುತ್ತಲೇ ಅವರು ಅದರ ಮೇಲೆ ಅಂಗೈ ಮುಚ್ಚಿದರು. ನಾನು ಕೈ ಹಿಂದೆಗೆದೆ. ಆ ಮನೆ ಬಿಟ್ಟು ಉಳಿದ ಎಂಟನ್ನು ಸುತ್ತಿ ಬಂದೆ. ಬಿಟ್ಟದ್ದರಿಂದ ನಷ್ಟವೇನಿಲ್ಲ, ಅಲ್ಲಿ ಹೆಚ್ಚಾಗಿ ಸಣ್ಣ ಕರುಳೇ ಇರುವುದು.

ಮಾರ್ಚ್ 14, ಶುಕ್ರವಾರ

ತಲೆಯಿಂದ ಹೊರಡುವ ಹನ್ನೆರಡು ನರಗಳ ಹೆಸರು, ಕ್ರಮ, ಕೆಲಸ. ಪರೀಕ್ಷೆಯ ಮಂಚದ ಮುಂದೆ ನಿಂತರೆ ಎಲ್ಲ ಕಲಸುಮೇಲೋಗರ. ಮಾವನವರು ಒಂದು ಉಪಾಯ ಹೇಳಿದರು, ಅದೂ ನನಗೇ ನೇರವಾಗಿ: "ಗದಗ–ಹುಬ್ಬಳ್ಳಿ ಬಸ್ ಹತ್ತು. ಒಂದೊಂದು ಸ್ಟಾಪಿಗೆ ಒಂದೊಂದನ್ನ ಇಳಸು."

ಒಂದು, ವಾಸನೆಯ ನರ: ಗದಗ ಬಸ್‌ಸ್ಟ್ಯಾಂಡ್. ಅಲ್ಲಿಯ ಮೂತ್ರಾಲಯವನ್ನು ಯಾರು ಮರೆಯಬಲ್ಲರು! ಎರಡು, ನೋಟದ ನರ: ಬಿಂಕದಕಟ್ಟಿ, ಅಲ್ಲಿ ಪ್ರಾಣಿಸಂಗ್ರಹಾಲಯವಿದೆ. ಹೀಗೆ ಹನ್ನೆರಡೂ. ಹತ್ತನೆಯದು ತಲೆಯಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೂ ಹೋಗುತ್ತದೆ ಎಂದಾಗ, "ಅದು ಲೋಕಲ್ ಅಲ್ಲ ತಂಗಿ, ಬೀದರಕ್ಕ ಹೋಗೂ ನೈಟ್ ಸರ್ವಿಸ್" ಎಂದರು. ಬಾಯಿಪಾಠ ಒಂದೇ ಸಂಜೆಯಲ್ಲಿ ಮುಗಿಯಿತು.

ಮಾರ್ಚ್ 19, ಬುಧವಾರ

ಕೈ ಓಡುತ್ತಿದೆ. ಎಂಟು ಮನೆಗಳೂ ನಾಲ್ಕು ನಿಮಿಷದಲ್ಲಿ ಮುಗಿಯುತ್ತವೆ. ಸುತ್ತುವ ದಾರಿ ಕೈಗೇ ಗೊತ್ತಾಗಿದೆ, ನೋಡಬೇಕಾಗಿಲ್ಲ.

ವೈಷ್ಣವಿ ಇವತ್ತು ಪಕ್ಕದಲ್ಲಿ ಕುಳಿತು ಟೈಮ್ ಹಿಡಿದಳು. ನಡುವೆ ಒಂದೇ ಸಮ ನಗು. "ಮಮ್ಮಿ ಲುಕ್, ಅಜ್ಜನ ಕರಡಿಗಿ ಡ್ಯಾನ್ಸ್ ಮಾಡ್ತೈತಿ!" ನಿಜ, ಅವರ ಕೈ ಸ್ವಲ್ಪ ಸರಿದಿತ್ತು, ಕರಡಿಗೆ ಟಕ್ ಟಕ್ ಎಂದು ಕುಣಿಯುತ್ತಿತ್ತು. ಉಸಿರಾಟಕ್ಕೆ ಹಾಗಾಗುತ್ತದೆ ಎಂದು ಅವಳಿಗೆ ವಿವರಿಸಿದೆ. ಯಕೃತ್ತಿನ ಅಂಚು ಹುಡುಕಲು ಉಸಿರು ಬಿಗಿಹಿಡಿಯಿರಿ ಎಂದಾಗಲೂ ಅದು ಕುಣಿಯುತ್ತಲೇ ಇತ್ತು. ತುಂಟ ಹುಡುಗಿ ಅದರ ತಾಳಕ್ಕೆ ಚಪ್ಪಾಳೆ ತಟ್ಟಿದಳು. ನನಗೆ ಯಕೃತ್ತಿನ ಅಂಚು ಸಿಕ್ಕಿತು! ಬೆರಳ ತುದಿಗೆ ತಾಗಿ ಹೋಯಿತು. ಎಂಟು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ಅದೇ.

ಮಾರ್ಚ್ 25, ಮಂಗಳವಾರ

ಮಾವನವರಿಗೆ ಬೆನ್ನುನೋವು. ಎರಡು ದಿನದಿಂದ ಇದೆಯಂತೆ, ಹೇಳಿರಲಿಲ್ಲ. ನಾನು ಬಿಡುತ್ತೇನೆಯೇ? ಕೈಗೆ ಬಂದ ರೋಗಿ. ಕಾಲೆತ್ತಿಸಿದೆ, ಹೆಬ್ಬೆರಳು ಮಡಿಸಿ ಬಿಡಿಸಿದೆ, ಹತ್ತಿಯಿಂದ ಸವರಿ ಸ್ಪರ್ಶ ನೋಡಿದೆ. ಸೊಂಟದ ನರಗಳೆಲ್ಲ ಸರಿಯಾಗಿವೆ. ಹಾಗಾದರೆ ಸ್ನಾಯು ಹಿಡಿದಿರಬೇಕು, ಸೋಫಾ ಹಾಸಿಗೆ ತೀರ ಮೆತ್ತಗಿದೆ. ಪ್ಯಾರಾಸಿಟಮಾಲ್ ಕೊಟ್ಟು, ನೆಲದ ಮೇಲೆ ಹಾಸಿದೆ.

"ಬಗ್ಗಿದ್ರ ಏನೂ ಆಗಂಗಿಲ್ಲ ತಂಗಿ. ಒಳಗಿಂದs ಬರತೈತಿ" ಎಂದರು. ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಿದೆ. "ನಿನ್ನ ಪರೀಕ್ಷಾ ಮುಗೀಲಿ, ಆಮ್ಯಾಲ ನೋಡೂಣು. ಮೂವತ್ತ ವರ್ಷ ಬೀಡಿ ಸೇದಿದ ಮೈ, ಅಷ್ಟರಾಗ ಏನಾಗತೈತಿ." ನನಗೂ ಒಳಗೊಳಗೆ ಸಮಾಧಾನವೇ ಆಯಿತು. ಇಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಎಂದರೆ ಫೋನು, ಫಾರ್ಮು, ಅರ್ಧ ದಿನ. ನನ್ನ ಹತ್ತಿರ ಇರುವುದೇ ಹದಿನಾರು ದಿನ.

ಏಪ್ರಿಲ್ 1, ಮಂಗಳವಾರ

ಪರೀಕ್ಷೆಗೆ ಇನ್ನು ಒಂಬತ್ತೇ ದಿನ. ನನಗೆ ಊಟ ಸೇರುತ್ತಿಲ್ಲ. ಬಸ್ಸು ಹತ್ತಿದೆ, ಹನ್ನೆರಡು ಸ್ಟಾಪ್ ಇಳಿದೆ.

ಏಪ್ರಿಲ್ 5, ಶನಿವಾರ

ಪ್ರಭು ಊಟಕ್ಕೆ ಕುಳಿತಾಗ ಹೇಳಿದರು, "ಆಗಲಿಲ್ಲಂದ್ರ ಬಿಟ್ಟಬಿಡು ಅನಸೂಯಾ. ಎಲ್ಲಾರೂ ನರ್ಸ್ ಆಗಬೇಕಂತೇನಿಲ್ಲ." ಒಳ್ಳೆಯ ಮಾತಾಗಿಯೇ ಹೇಳಿರಬಹುದು. ನಾನು ಬಾಯಿ ತೆರೆಯುವ ಮೊದಲೇ ಮಾವನವರು ತಟ್ಟೆ ಸರಿಸಿದರು.

"ನೀ ಎಂದರ ಅಕಿ ಕೈ ನೋಡೀಯೇನಲೇ? ನಾ ದಿನಾ ನೋಡಾಕತ್ತೀನಿ. ಮೊದಲ ದಿನ ಕೋಳಿಪುಕ್ಕ ಸವರಿದಂಗ ಇತ್ತು. ಈಗ ಮೆಕ್ಯಾನಿಕ್ ಕೈ ಆಗೇತಿ. ಬಿಡು ಅಂತ ಇನ್ನೊಮ್ಮೆ ಅನ್ನಬ್ಯಾಡ."

ಪ್ರಭು ತಲೆ ತಗ್ಗಿಸಿ ರೊಟ್ಟಿ ತಿಂದರು. ನನ್ನ ದುಪಟ್ಟಾ ಎಲ್ಲಿಟ್ಟೆನೋ, ಎರಡು ದಿನದಿಂದ ಸಿಕ್ಕಿಲ್ಲ. ಪರೀಕ್ಷೆ ಮುಗಿದ ಮೇಲೆ ಹುಡುಕಿದರಾಯಿತು.

ಏಪ್ರಿಲ್ 8, ಮಂಗಳವಾರ

ಮಾವನವರು ಅರ್ಧ ರೊಟ್ಟಿಗೇ ಕೈ ತೊಳೆದರು. ಬೇಡ, ಇವತ್ತು ಮಲಗಿಕೊಳ್ಳಿ ಎಂದರೆ, "ಹೆಂಗೂ ಮಲಗಾವದೀನಿ, ನಿನ್ನ ಕೆಲಸಾ ನೀ ಮಾಡು" ಎಂದರು. ನರಗಳು ಆರು ನಿಮಿಷ, ಹೊಟ್ಟೆ ನಾಲ್ಕು ನಿಮಿಷ. ಎಡ ಪಕ್ಕೆ ಒತ್ತಿದಾಗ ಹಲ್ಲು ಕಚ್ಚಿದರು. ಗಟ್ಟಿಯಾಗಿ ಒತ್ತಿದೆನೇನೋ. ಶುಕ್ರವಾರಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಪರೀಕ್ಷೆಯ ಮರುದಿನ.

ಏಪ್ರಿಲ್ 10, ಗುರುವಾರ, ಬೆಳಿಗ್ಗೆ

ಹತ್ತೂವರೆಗೆ ಪರೀಕ್ಷೆ. ಕೈ ತಣ್ಣಗಿದೆ. ಮಾವನವರು ಎದ್ದು ಕುಳಿತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ನನ್ನ ಹಣೆಗೂ ಒಂದಿಷ್ಟು ಹಚ್ಚಿ, "ಹೋಗಿ ಬಾ" ಎಂದರು. ಮುಖ ಬಿಳಿಚಿಕೊಂಡಿತ್ತು, ವಿಭೂತಿಯದ್ದಿರಬೇಕು.

ಏಪ್ರಿಲ್ 11, ಶುಕ್ರವಾರ

ನಿನ್ನೆಯದನ್ನು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮಂಚದ ಮೇಲೆ ಮಲಗಿದ್ದವನು ನಿವೃತ್ತ ಪೋಸ್ಟ್‌ಮ್ಯಾನ್, ಇಂಥ ಪರೀಕ್ಷೆಗಳಿಗೆ ರೋಗಿಯಾಗಿ ಬರುತ್ತಾನೆ. ಒಂದು ಕಡೆ ಮರೈಕೆ, ಇನ್ನೊಂದು ಕಡೆ ಗಡಿಯಾರ ಹಿಡಿದ ಮತ್ತೊಬ್ಬ ಪರೀಕ್ಷಕ. ಗದಗದಿಂದ ಬಸ್ಸು ಹೊರಟಿತು, ಹುಬ್ಬಳ್ಳಿ ತಲುಪಿತು, ಒಂದು ಸ್ಟಾಪೂ ತಪ್ಪಲಿಲ್ಲ. ಮರೈಕೆಯ ಪೆನ್ನು ಓಡುತ್ತಿತ್ತು, ಮುಖದಲ್ಲಿ ನಗು ಇತ್ತು. ಆಮೇಲೆ ಹೊಟ್ಟೆ. ಕೈ ಬೆಚ್ಚಗೆ ಮಾಡಿಕೊಂಡು, ಹೇಳಿ, ಕೇಳಿ, ಮುಟ್ಟಿದೆ. ಕ್ಷಮೆ ಕೇಳುವ ಕೈ ಎಲ್ಲೂ ಇರಲಿಲ್ಲ. ಪಾಸಾದೆ ಎಂದು ನನಗೇ ಗೊತ್ತಾಗುತ್ತಿತ್ತು.

"ನಿಲ್ಲು" ಎಂದಳು ಮರೈಕೆ. "ಚೆನ್ನಾಗಿದೆ. ಆದರೆ ಹಗುರವಾಗಿ ಒಂದು ಸುತ್ತು, ಆಳವಾಗಿ ಒಂದು ಸುತ್ತು, ಎರಡು ಸಲವೂ ನಡುವಿನ ಭಾಗ ಬಿಟ್ಟೆ. ಯಾಕೆ? ಇನ್ನೂ ಆರು ನಿಮಿಷ ಇದೆ, ತಿದ್ದಿಕೊಳ್ಳಬಹುದು."

ಯಾಕೆ? ನನಗೇ ಗೊತ್ತಿರಲಿಲ್ಲ. ಆ ಮನುಷ್ಯನ ಹೊಟ್ಟೆಯ ಮೇಲೆ ಏನೂ ಇರಲಿಲ್ಲ. ನನ್ನ ಕೈ ಮಾತ್ರ ಅಲ್ಲಿ ಇಲ್ಲದ ಕರಡಿಗೆಯನ್ನು ಸುತ್ತಿ ಬಳಸಿ ಹೋಗಿತ್ತು. ನಡುವೆ ಕೈಯಿಟ್ಟು ಮೆಲ್ಲಗೆ ಒತ್ತಿದೆ. ಆಳದಲ್ಲಿ, ಎಲ್ಲೋ ದೂರದಲ್ಲಿ, ಒಂದು ಮಿಡಿತ. ಮಹಾಪಧಮನಿ. ಹೃದಯದಿಂದ ಇಳಿದು ಹೊಕ್ಕುಳಿನ ಹತ್ತಿರ ಎರಡಾಗುವ ದೊಡ್ಡ ರಕ್ತನಾಳ. ಆರೋಗ್ಯವಂತನಲ್ಲಿ ಅಷ್ಟು ಆಳ, ಅಷ್ಟು ಸಣ್ಣ ಮಿಡಿತ.

ಮಾವನವರ ಕರಡಿಗೆ ಅವತ್ತು ಕುಣಿಯುತ್ತಿತ್ತು. ಉಸಿರು ಹಿಡಿದಾಗಲೂ ಕುಣಿಯುತ್ತಿತ್ತು. ವೈಷ್ಣವಿ ಚಪ್ಪಾಳೆ ತಟ್ಟಿದ್ದು ನಾಡಿಯ ತಾಳಕ್ಕೆ. ಬೀಡಿ, ವಯಸ್ಸು, ಬಗ್ಗಿದರೂ ಬದಲಾಗದ, ಒಳಗಿಂದ ಬರುವ ಬೆನ್ನುನೋವು. ಪುಸ್ತಕದ ನೂರಾ ಎಂಬತ್ತೆರಡನೆಯ ಪುಟ, ಕೆಳಗಿನ ಚೌಕಟ್ಟು: ಉಬ್ಬಿದ ಮಹಾಪಧಮನಿ, ಒಡೆದರೆ ನಿಮಿಷಗಳಲ್ಲಿ ಸಾವು. ಅದರ ಕೆಳಗೆ ಹಳದಿ ಗೆರೆ ಎಳೆದವಳು ನಾನೇ.

"ನಾನು ಹೋಗಬೇಕು" ಎಂದೆ.

"ಹೊರಗೆ ಹೋದರೆ ಈ ಪ್ರಯತ್ನ ಮುಗಿದ ಹಾಗೆ" ಎಂದ ಗಡಿಯಾರದವನು. ಅದು ನನಗೆ ಚೆನ್ನಾಗಿ ಕೇಳಿಸಿತು. ಮರೈಕೆಗೆ ಎರಡು ವಾಕ್ಯದಲ್ಲಿ ಹೇಳಿದೆ, ವಿಳಾಸ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು 112ಕ್ಕೆ ಫೋನ್ ಮಾಡಿದಳು. ನಾನು ಕಾರಿಡಾರಿನಲ್ಲಿ ಓಡುತ್ತಾ ಮನೆಗೆ ಮಾಡಿದೆ. ಏಳನೆಯ ರಿಂಗಿಗೆ ಮಾವನವರು ಎತ್ತಿದರು.

"ಪರೀಕ್ಷಾ ಮುಗೀತೇನು ತಂಗಿ?"

"ಅಪ್ಪಾ, ಎಲ್ಲಿದ್ದೀರಿ?"

"ಅಡಗಿಮನ್ಯಾಗ ಕೆಳಗ ಕುಂತೀನಿ. ಕಣ್ಣಿಗೆ ಕತ್ತಲಿ ಬಂದಂಗಾತು. ಬೆವರು ಬರಾಕತ್ತೇತಿ."

"ಎದ್ದು ನಿಂದರಬ್ಯಾಡ್ರಿ ಅಪ್ಪಾ. ಹೊಟ್ಟಿ ಒತ್ತಬ್ಯಾಡ್ರಿ. ಕುಂತಲ್ಲೇ ಸಾವಕಾಶ ಸರಕೋತ ಬಾಗಲಾ ತನಕ ಹೋಗ್ರಿ. ಬಾಗಲಾ ತಗದು ಅಲ್ಲೇ ಅಡ್ಡಾಗ್ರಿ. ಅಂಬುಲೆನ್ಸ್ ಬರಾಕತ್ತೇತಿ."

"ಯಾಕ, ನನಗೇನಾಗೇತಿ?"

"ಹೇಳತೀನಿ. ನಾ ಹೇಳಿದಷ್ಟು ಮಾಡ್ರಿ."

ಮಾಡಿದರು. ಸೈಕಲ್ ತುಳಿದು ನಾನು ಮನೆ ಮುಟ್ಟಿದಾಗ ಬಾಗಿಲು ತೆರೆದಿತ್ತು, ಅಪ್ಪ ಕಾಲೊರಸಿನ ಮೇಲೆ ಮಲಗಿದ್ದರು, ಅಂಬುಲೆನ್ಸಿನ ಹಳದಿ ಅಂಗಿಯವರಿಬ್ಬರು ಆಗಲೇ ಕೈಗೆ ಸೂಜಿ ಚುಚ್ಚುತ್ತಿದ್ದರು.

ಆಸ್ಪತ್ರೆಯಲ್ಲಿ ಸ್ಕ್ಯಾನಿನ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಕರಡಿಗೆ ತೋರಿಸಿ "ಇದು ಅಡ್ಡ ಬರುತ್ತದೆ, ಏನು ಮಾಡೋಣ?" ಎಂದು ಕೇಳಿದಳು. ಅದು ಇಷ್ಟಲಿಂಗ, ಮೈಮೇಲಿಂದ ತೆಗೆಯುವುದಿಲ್ಲ, ಲಿಂಗದೀಕ್ಷೆ ಎಂದರೆ ಏನು ಎಂದು ನಾನು ಡಚ್ಚಿನಲ್ಲಿ ತೊದಲುತ್ತಿದ್ದೆ. ಅಪ್ಪ ಅಷ್ಟರಲ್ಲಿ ಶಿವದಾರ ಹಿಡಿದು ಕರಡಿಗೆಯನ್ನು ಹೊಟ್ಟೆಯಿಂದೆತ್ತಿ ಹೆಗಲ ಪಕ್ಕಕ್ಕೆ ಸರಿಸಿದರು. ಅಷ್ಟೇ. ತೆಗೆಯಲಿಲ್ಲ, ಬಿಚ್ಚಲಿಲ್ಲ. ಅರೆಕ್ಷಣದ ಕೆಲಸ.

ಪರದೆಯ ಮೇಲೆ ಕಂಡಿತು. ಎರಡು ಸೆಂಟಿಮೀಟರ್ ಅಗಲ ಇರಬೇಕಾದ ನಾಳ ಏಳು. ರಕ್ತ ಜಿನುಗಲು ಶುರುವಾಗಿದೆ, ಈಗಲೇ ಆಪರೇಷನ್ ಎಂದರು. ಮಂಚ ತಳ್ಳುತ್ತಾ ಹೊರಟರು. ನಾನು ಪಕ್ಕದಲ್ಲೇ ಓಡುತ್ತಾ, ಅಳುತ್ತಾ ಕೇಳಿದೆ.

"ಒಂದ ತಿಂಗಳ ದಿನಾ ನಿಮ್ಮ ಹೊಟ್ಟಿಮ್ಯಾಲ ಕೈ ಆಡಿಸೀನಿ. ಒಮ್ಮೆರ ಅದನ್ನ ಸರಸಬಾರದೇನ್ರಿ ಅಪ್ಪಾ?"

"ನೀ ಕೇಳಲಿಲ್ಲಲ್ಲ ಯವ್ವಾ" ಎಂದರು. "ಅದರ ಹತ್ತರ ಬರಾಕ ನೀ ಅಂಜತಿ ಅಂತ ನಾ ಹಿಡಕೊಂಡs ಇದ್ದೆ."

ಬಾಗಿಲು ಮುಚ್ಚಿತು.

ಏಪ್ರಿಲ್ 12, ಶನಿವಾರ

ಅಪ್ಪ ಕಣ್ಣು ತೆರೆದರು. ತೊಡೆಯ ಸಂದಿಯಿಂದ ಒಳಗೆ ಕೊಳವೆ ಹಾಕಿ ನಾಳಕ್ಕೆ ಆಸರೆ ಕೊಟ್ಟಿದ್ದಾರೆ. ಆಪರೇಷನ್ನಿನ ಹೊತ್ತಿಗೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದರು, ಪ್ರಭು ಅದನ್ನು ಮತ್ತೆ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿದರು. ಅಪ್ಪ ಮೊದಲು ಕೇಳಿದ್ದು: "ಪಾಸಾದೇನು?"

ಏಪ್ರಿಲ್ 16, ಬುಧವಾರ

ಕಾಲೇಜಿನಿಂದ ಪತ್ರ. ಅಪೂರ್ಣವಾದ ಪ್ರಯತ್ನವನ್ನು ಅನುತ್ತೀರ್ಣ ಎಂದೇ ಎಣಿಸಲಾಗುವುದು. ಬೇಕಾದರೆ ಪರೀಕ್ಷಾ ಸಮಿತಿಗೆ ಕಾರಣ ಬರೆದು ಕೊಡಬಹುದು.

ಬರೆದೆ. ಮಾವನ ಕಾಯಿಲೆ ಎಂದಷ್ಟೇ ಬರೆದು ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ತಿಂಗಳು ನಾನು ಎಂಟು ಮನೆ ಮಾತ್ರ ಮುಟ್ಟಿದ್ದು, ಕಣ್ಣೆದುರಿಗೇ ಕುಣಿದದ್ದನ್ನು ಉಸಿರು ಎಂದದ್ದು, ನೋವು ಹೇಳಿಕೊಂಡವರಿಗೆ ಹಾಸಿಗೆ ಬದಲಿಸಿ ಕೊಟ್ಟದ್ದು, ಡಾಕ್ಟರನ್ನು ನನ್ನ ಪರೀಕ್ಷೆಯ ಆಚೆಗೆ ತಳ್ಳಿದ್ದು, ಎಲ್ಲ ಬರೆದೆ. ಇದನ್ನು ಓದಿ ತೆಗೆದುಹಾಕಿದರೆ ಹಾಕಲಿ. ಸಹಿ ಮಾಡಿ ಅಂಚೆಗೆ ಹಾಕಿದೆ.

ಮೇ 7, ಬುಧವಾರ

ಉತ್ತರ ಬಂತು. ಇನ್ನೊಂದು ಅವಕಾಶ, ಮೇ 22. ಕೆಳಗೆ ಮರೈಕೆ ಕೈಯಲ್ಲೇ ಒಂದು ಸಾಲು ಬರೆದಿದ್ದಾಳೆ: ಈ ಸಲ ಒಂಬತ್ತೂ ಎಣಿಸುತ್ತೇನೆ.

ಮೇ 21, ಬುಧವಾರ

ನಾಳೆ. ಪಾಸಾಗುತ್ತೇನೋ ಇಲ್ಲವೋ, ಭಯ ಮಾತ್ರ ಒಂದಿಷ್ಟೂ ಕಡಿಮೆಯಾಗಿಲ್ಲ.

ಹತ್ತಿ, ಸುತ್ತಿಗೆ, ಪುಸ್ತಕ ಜೋಡಿಸಿಕೊಂಡು ಪ್ರಭುವನ್ನು ಮಲಗಲು ಕರೆಯುತ್ತಿದ್ದೆ. ಇವತ್ತು ಅದಕ್ಕೆಂದೇ ರಜೆ ಹಾಕಿದ್ದಾರೆ. ಅಪ್ಪ ಅವರನ್ನು ಸೋಫಾದಿಂದ ಎಬ್ಬಿಸಿದರು. ಡಾಕ್ಟರು ಹಗುರವಾಗಿ ಮುಟ್ಟಬಹುದು ಎಂದಿದ್ದಾರೆ ಎಂದು ವಾದ ಮಾಡಿದರು. ಅದು ನಿಜವೂ ಹೌದು, ಸೋಮವಾರ ನಾನೇ ಕೇಳಿಸಿಕೊಂಡಿದ್ದೆ. ಪ್ರಭು ಹುಸಿಮುನಿಸಿನಿಂದ ಎದ್ದು ಕುರ್ಚಿಯಲ್ಲಿ ಕುಳಿತರು.

ಅಪ್ಪ ಮಲಗಿದರು, ಬನಿಯನ್ ಎತ್ತಿಕೊಂಡರು. "ಅಪ್ಪಾ, ಕರಡಿಗಿ ಒಂಚೂರು ಸರಸತೀರೇನ್ರಿ?" ಎಂದು ಕೇಳಿದೆ.

ಅವರು ಸೂರಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದರು. ಶಿವದಾರ ಹಿಡಿದು ಕರಡಿಗೆಯನ್ನು ಹೆಗಲಿಗೆ ಸರಿಸಿಕೊಂಡರು.

"ಹೂಂ," ಎಂದರು. "ನಡುವಿಂದ ಚಾಲೂ ಮಾಡು."

ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಅಲ್ಲಿಂದಲೇ ಶುರುಮಾಡಿದೆ.